ಆಂಬುಲೆನ್ಸ್‌ಗೆ ದಾರಿ ಬಿಟ್ಟರೆ ರಸ್ತೆ ತಡೆ ಸರಿಯಾ?

ಪರ

ತಹಶೀಲ್ದಾರ್ ಕಚೇರಿಗೆ ಮನವಿ ಕೊಟ್ಟರೆ ಸೀಲು ಹಾಕಿ ಇಟ್ಟುಕೊಳ್ಳುತ್ತಾರೆ. ಡಿಸಿ ಕಚೇರಿ ಮುಂದೆ ಪೆಂಡಾಲ್ ಹಾಕಿ ಕೂತರೆ ಪೇಪರಿನಲ್ಲಿ ಒಂದು ಫೋಟೊ ಬರುತ್ತದೆ, ಅಷ್ಟೆ. ರಸ್ತೆಗೆ ಇಳಿದ ಮೇಲೆಯೇ ಬೆಂಗಳೂರಿನವರು ಇತ್ತ ತಿರುಗಿ ನೋಡೋದು.

2025ರ ನವೆಂಬರ್‌ನಲ್ಲಿ ಏನಾಯಿತು ನೋಡಿ. ಟನ್ ಕಬ್ಬಿಗೆ 3,500 ರೂಪಾಯಿ ಕೊಡಿ ಅಂತ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಹಗಲೂ ರಾತ್ರಿ ಕೂತರು. ನವೆಂಬರ್ 7ರಂದು ಮುಖ್ಯಮಂತ್ರಿಗಳು ಕಾರ್ಖಾನೆ ಮಾಲೀಕರನ್ನು ಕರೆಸಿ ಮಾತಾಡಿದರು. 3,300 ಎಂದು ತೀರ್ಮಾನವಾಯಿತು. ಅದರಲ್ಲಿ 50 ರೂಪಾಯಿ ಸರ್ಕಾರದ್ದು. ಕೇಳಿದಷ್ಟು ಸಿಗಲಿಲ್ಲ, ನಿಜ. ಮನವಿ ಪತ್ರ ಹಿಡಿದು ಓಡಾಡಿದ್ದರೆ ಇಷ್ಟಾದರೂ ಸಿಗುತ್ತಿತ್ತಾ?

ಕಬ್ಬಿನ ಹಣ 14 ದಿನದೊಳಗೆ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಆ ಬಡ್ಡಿ ಕಣ್ಣಲ್ಲಿ ಕಂಡ ರೈತ ಯಾರಾದರೂ ಇದ್ದರೆ ತೋರಿಸಿ. ರಸ್ತೆಯಲ್ಲಿ ಕೂತಾಗ ಮಾತ್ರ ಎಲ್ಲರಿಗೂ ಕಾನೂನು ನೆನಪಾಗುತ್ತದೆ.

ಇನ್ನು ಆಂಬುಲೆನ್ಸ್ ಮಾತು. ಸೈರನ್ ಕೇಳಿದ ಕೂಡಲೇ ಮೈಕ್‌ನಲ್ಲಿ ಕೂಗುತ್ತಾರೆ. ಕೂತವರು ಎದ್ದು ಬದಿಗಾಗುತ್ತಾರೆ. ಹಸಿರು ಶಾಲಿನ ಹುಡುಗರು ಮುಂದೆ ಮುಂದೆ ಓಡಿ ದಾರಿ ಮಾಡಿಕೊಡುತ್ತಾರೆ. ಮಂತ್ರಿಗಳ ಕಾರುಗಳು ಸಾಲಾಗಿ ಹೋಗುವಾಗ ಎಲ್ಲರನ್ನೂ ನಿಲ್ಲಿಸುತ್ತಾರಲ್ಲ, ಆಗ ಈ ಕಾಳಜಿ ಎಲ್ಲಿರುತ್ತದೋ!

ವಿರೋಧ

ಬೇಡಿಕೆ ಬಗ್ಗೆ ತಕರಾರಿಲ್ಲ. ಆದರೆ ‘ಆಂಬುಲೆನ್ಸ್‌ಗೆ ದಾರಿ ಬಿಡ್ತೀವಲ್ಲ’ ಅನ್ನುವ ಮಾತು ಅರ್ಧ ಸತ್ಯ. ಬಿಡೋದು ಎಲ್ಲಿ? ತಾವು ಕೂತ ಜಾಗದಲ್ಲಿ. ಆಂಬುಲೆನ್ಸ್ ಸಿಕ್ಕಿಬೀಳೋದು ಅಲ್ಲಲ್ಲ, ಹಿಂದೆ, ವಾಹನಗಳ ಸಾಲಿನ ತುದಿಯಲ್ಲಿ. ಎರಡು ಟ್ರೇಲರ್ ಕಟ್ಟಿಕೊಂಡು ಕಬ್ಬು ಹೇರಿದ ಟ್ರ್ಯಾಕ್ಟರ್ ಹಿಂದಕ್ಕೂ ಬರಲ್ಲ, ರಸ್ತೆ ಬದಿಗೆ ಇಳಿಸಿದರೆ ಮಗುಚುವ ಭಯ. ಅದರ ಪಕ್ಕ ಒಂದು ಬಸ್ಸು. ಎದುರಿನ ಬದಿಗೆ ನುಗ್ಗಿ ಅಲ್ಲೂ ಸಿಕ್ಕಿಕೊಂಡ ಕಾರುಗಳು. ಮೈಕಿನ ಕೂಗು ಅಲ್ಲಿವರೆಗೆ ಕೇಳಲ್ಲ.

ಅದಕ್ಕಿಂತ ದೊಡ್ಡ ವಿಷಯ, ನಮ್ಮ ಹಳ್ಳಿಗಳ ರೋಗಿಗಳೆಲ್ಲ 108ರಲ್ಲೇ ಬರಲ್ಲ. ಎದೆನೋವು ಅಂದರೆ ಪಕ್ಕದ ಮನೆಯವರ ಕ್ರೂಸರ್. ಹೆರಿಗೆ ನೋವು ಅಂದರೆ ಟಂಟಂ. ಹಾವು ಕಡಿದವನನ್ನು ಬೈಕಿನ ನಡುವೆ ಕೂರಿಸಿಕೊಂಡು ಬರುತ್ತಾರೆ. ಅಥಣಿ ಕಡೆಯವರು ಮೀರಜ್‌ಗೆ ಓಡಬೇಕು, ಗೋಕಾಕ ಕಡೆಯವರು ಬೆಳಗಾವಿಗೆ. ಈ ಗಾಡಿಗಳಿಗೆ ಸೈರನ್ ಎಲ್ಲಿಂದ ಬರಬೇಕು? ‘ಅಣ್ಣಾ, ಪೇಷಂಟ್ ಅದಾರ್ರಿ’ ಅಂತ ಅಂಗಲಾಚಬೇಕು. ಒಬ್ಬ ಬಗ್ಗಿ ಒಳಗೆ ನೋಡುತ್ತಾನೆ, ನಂಬಿದರೆ ಬಿಡುತ್ತಾನೆ. ಡಯಾಲಿಸಿಸ್‌ಗೆ ಬಸ್ಸಿನಲ್ಲಿ ಹೊರಟವರು ನೋಡೋಕೆ ಆರಾಮಾಗೇ ಇರುತ್ತಾರೆ. ಅವರು ಸುಮ್ನೆ ಕೂತು ಕಾಯುತ್ತಾರೆ.

ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ಗಾಡಿಯೂ ಇದೇ ರಸ್ತೆಯಲ್ಲಿ ಬರಬೇಕು. ಆಗ ಸುಡೋದು ರೈತನದೇ ಬೆಳೆ.

ಕಾನೂನಿನ ಚೆಂದವೂ ನೋಡಿ. ಆಂಬುಲೆನ್ಸ್‌ಗೆ ಬದಿಗೆ ಸರಿಯದ ಡ್ರೈವರ್‌ಗೆ ಮೋಟಾರು ವಾಹನ ಕಾಯ್ದೆಯ 194ಇ ಪ್ರಕಾರ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನ್‌ನಲ್ಲಿ ದಂಡ 5,000ದವರೆಗೆ ಮಾತ್ರ. ದೆಹಲಿಯ ಶಾಹೀನ್ ಬಾಗ್ ರಸ್ತೆ ಧರಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ: ಪ್ರತಿಭಟನೆ ಹಕ್ಕು ಹೌದು, ಸಾರ್ವಜನಿಕ ರಸ್ತೆಯನ್ನು ಎಷ್ಟು ದಿನ ಬೇಕಾದರೂ ಹಿಡಿದಿಟ್ಟುಕೊಳ್ಳುವಂತಿಲ್ಲ.

ಆ ನವೆಂಬರ್ 7ರಂದೇ ಬೆಳಗಾವಿ ಜಿಲ್ಲೆಯ ಹತ್ತರಗಿ ಟೋಲ್ ಹತ್ತಿರ ಹೆದ್ದಾರಿಯಲ್ಲಿ ಕಲ್ಲು ತೂರಾಟವಾಯಿತು. ಅಂಥ ಹೊತ್ತಲ್ಲಿ ಯಾವ ಡ್ರೈವರ್ ಧೈರ್ಯ ಮಾಡಿ ಗಾಡಿ ಒಳಗೆ ತರುತ್ತಾನೆ?

ಸಿಟ್ಟು ಕಾರ್ಖಾನೆ ಮೇಲಿದ್ದರೆ ಕಾರ್ಖಾನೆ ಗೇಟಿಗೆ ಕೂರಲಿ, ತೂಕದ ಕಾಟಾ ಮುಂದೆ ಕೂರಲಿ. ಬಿಸಿ ಮುಟ್ಟಬೇಕಾದವರಿಗೇ ಮುಟ್ಟುತ್ತದೆ. ಇಲ್ಲ, ರಸ್ತೆಗೇ ಇಳಿಯಬೇಕು ಅಂದರೆ ಒಂದಿಷ್ಟು ಹುಡುಗರನ್ನು ವಾಹನಗಳ ಸಾಲಿನ ಹಿಂದಿನ ತುದಿಯಲ್ಲಿ ನಿಲ್ಲಿಸಿ, ಅಲ್ಲಿಂದಲೇ ಒಂದು ಬದಿ ಖಾಲಿ ಇಡಿಸಲಿ. ಈಗ ಎಲ್ಲರೂ ಮೈಕಿನ ಸುತ್ತಲೇ ಇರುತ್ತಾರೆ. ಟಿವಿಯವರ ಕ್ಯಾಮೆರಾ ಇರೋದೂ ಅಲ್ಲೇ, ಅಲ್ವಾ?