ಬೆಕ್ಕು ಎಲ್ಲಿ ಹೋಯಿತು ಅಂತ ಕೇಳಿದವರಿಗೆ

ನನ್ನ ಮೊದಲ ಗೇಮ್ ಹೊರಬಂದು ಏಳು ವಾರ ಆಯಿತು. ಆಡಿದವರಲ್ಲಿ ನಲವತ್ತಕ್ಕೂ ಹೆಚ್ಚು ಜನ ಉದ್ದುದ್ದ ಮೆಸೇಜ್ ಬರೆದಿದ್ದೀರಿ. ಕೆಲವರು ವಾಯ್ಸ್ ನೋಟ್ ಕಳಿಸಿದ್ದೀರಿ, ಅದರಲ್ಲಿ ಒಂದು ಹದಿನಾಲ್ಕು ನಿಮಿಷದ್ದು. ಎಲ್ಲವನ್ನೂ ಓದಿದೆ, ಕೇಳಿದೆ, ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಹಳೇ ಫೋನ್‌ನಲ್ಲಿ ಹ್ಯಾಂಗ್ ಆಗುತ್ತದೆ, ಸೌಂಡ್ ಕಡಿಮೆ ಬರುತ್ತದೆ ಅಂದವರಿಗೆ ಆಗಲೇ ಉತ್ತರ ಕೊಟ್ಟಿದ್ದೇನೆ. ಕಥೆ ಬಗ್ಗೆ ಬಂದ ಮಾತುಗಳಿಗೆ ಮಾತ್ರ ಸುಮ್ಮನಿದ್ದೆ. ಅದಕ್ಕೆ ನನಗೆ ಟೈಮ್ ಬೇಕಿತ್ತು. ಇವತ್ತು ಬರೆಯುತ್ತಿದ್ದೇನೆ.

ಆಡದೇ ಇರುವವರಿಗೆ ಕಥೆ ಇಷ್ಟು. ಸಾಗರ ತಾಲ್ಲೂಕಿನ ಶರಾವತಿ ಕಣಿವೆ. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಮುಗಿಯುತ್ತಾ ಬಂದಿದೆ (ಮುಗಿದದ್ದು 1964ರಲ್ಲಿ). ಒಂದು ಮನೆ, ಒಂದು ಎತ್ತಿನ ಗಾಡಿ, ಮೂರು ದಿನ. ಹದಿಮೂರು ವರ್ಷದ ಒಬ್ಬಳು ಹುಡುಗಿ ಗಾಡಿಯಲ್ಲಿ ಹಿಡಿಸುವಷ್ಟು ಸಾಮಾನು ಹೇರಬೇಕು. ಆ ಹುಡುಗಿ ನನ್ನ ಅಜ್ಜಿ. ಸಿಗಂದೂರಿಗೆ ಲಾಂಚ್ ಹತ್ತಿ ಹೋದವರು ಆ ಹಿನ್ನೀರನ್ನು ನೋಡಿದ್ದೀರಿ. ಅದರ ಅಡಿಯಲ್ಲಿ ಊರುಗಳಿವೆ, ಗದ್ದೆಗಳಿವೆ, ದೇವಸ್ಥಾನಗಳಿವೆ. ನಮ್ಮ ಕಡೆ ಅದಕ್ಕೆ ಒಂದೇ ಪದ, ಮುಳುಗಡೆ. ನಮ್ಮ ಮನೆಯ ಹಿರಿಯರು ಇವತ್ತಿಗೂ "ಅದು ಮುಳುಗಡೆಗೆ ಮೊದಲು", "ಇದು ಮುಳುಗಡೆ ಆದಮೇಲೆ" ಅಂತಲೇ ವರ್ಷ ಲೆಕ್ಕ ಹಾಕುತ್ತಾರೆ.

"ಶುರುವಿನಲ್ಲಿ ಏಳು ನಿಮಿಷ ಬರೀ ಓದಿಸುತ್ತೀರಿ, ಆಟ ಯಾವಾಗ?" ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದು. ನಿಜ ಹೇಳಬೇಕು ಅಂದರೆ, ಮೊದಲು ನನಗೆ ಸಿಟ್ಟು ಬಂತು. ಆ ಏಳು ನಿಮಿಷಕ್ಕೆ ಐದು ತಿಂಗಳು ಕೊಟ್ಟಿದ್ದೆ. ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ ಅನ್ನುವುದು, ಅದಕ್ಕೂ ಮುಂಚೆ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟನ್ನೇ ಈ ಹೊಸ ನೀರು ನುಂಗಿದ್ದು, ಜೋಗದ ಕರೆಂಟಿನ ಕಥೆ, ಎಲ್ಲವನ್ನೂ ಅಲ್ಲಿ ತುಂಬಿದ್ದೆ. ಹಿನ್ನೆಲೆ ಗೊತ್ತಿಲ್ಲದೆ ಆಡಿದರೆ ಏನೂ ತಟ್ಟುವುದಿಲ್ಲ ಅನ್ನುವ ಭಯ ನನಗಿತ್ತು.

ನಾನು ಕಥೆ ಹೇಳುವುದನ್ನು ಕಲಿತದ್ದು ತಾಳಮದ್ದಳೆ ಕೇಳಿ. ಚಿಕ್ಕಂದಿನಲ್ಲಿ ರಾತ್ರಿಯೆಲ್ಲ ಕೂತು ಕೇಳಿದ್ದೇನೆ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಭಾಗವತರ ಪದ ಮತ್ತು ಅರ್ಥಧಾರಿಗಳ ಮಾತು. ಗಂಟೆಗಟ್ಟಲೆ ಮಾತಾಡಿದರೂ ಜನ ಏಳುವುದಿಲ್ಲ. ಹಾಗಿದ್ದರೆ ನನ್ನ ಏಳು ನಿಮಿಷ ಯಾಕೆ ಭಾರವಾಯಿತು? ಇದನ್ನು ತುಂಬಾ ದಿನ ಯೋಚಿಸಿದೆ. ತಾಳಮದ್ದಳೆಯಲ್ಲಿ ಎದುರಿಗೆ ಇನ್ನೊಬ್ಬರು ಕೂತಿರುತ್ತಾರೆ. ಕೃಷ್ಣ ಒಂದು ಮಾತಾಡಿದರೆ ಕೌರವ ಅದನ್ನು ಹಿಡಿದು ಎಳೆಯುತ್ತಾನೆ. ಮುಂದಿನ ಮಾತು ಏನು ಬರುತ್ತದೋ ಅಂತ ಕೇಳುವವನಿಗೂ ಗೊತ್ತಿಲ್ಲ, ಎಷ್ಟೋ ಸಲ ಹೇಳುವವನಿಗೂ ಗೊತ್ತಿಲ್ಲ. ಕಥೆ ಎಲ್ಲರಿಗೂ ಗೊತ್ತಿರುವುದೇ, ಆದರೆ ಈ ರಾತ್ರಿ ಇವರಿಬ್ಬರು ಅದನ್ನು ಹೇಗೆ ಆಡುತ್ತಾರೆ ಅನ್ನುವುದಕ್ಕೆ ಜನ ಕೂತಿರುತ್ತಾರೆ. ನನ್ನ ಏಳು ನಿಮಿಷದಲ್ಲಿ ನಾನೊಬ್ಬನೇ ಮಾತಾಡಿದೆ. ಆಡುವವರಿಗೆ ಎದುರು ಮಾತಾಡಲು ಜಾಗವೇ ಕೊಡಲಿಲ್ಲ.

ನಿಮ್ಮಲ್ಲಿ ಒಬ್ಬರು "ಅನ್‌ಪ್ಯಾಕಿಂಗ್ ಆಡಿ ನೋಡಿ, ಆಮೇಲೆ ಮಾತಾಡೋಣ" ಅಂತ ಬರೆದಿದ್ದಿರಿ. ಆಡಿದೆ. 2021ರಲ್ಲಿ ಆಸ್ಟ್ರೇಲಿಯಾದ ವಿಚ್ ಬೀಮ್ ಎಂಬ ಸಣ್ಣ ತಂಡ ಮಾಡಿದ ಗೇಮ್ ಅದು. ಒಬ್ಬಳು ಹೆಣ್ಣುಮಗಳು 1997ರಿಂದ 2018ರವರೆಗೆ ಮನೆಯಿಂದ ಮನೆಗೆ ಹೋಗುತ್ತಾಳೆ, ನಾವು ಅವಳ ಪೆಟ್ಟಿಗೆ ಬಿಚ್ಚಿ ಸಾಮಾನು ಜೋಡಿಸಬೇಕು, ಅಷ್ಟೇ. ಅವಳು ಕಣ್ಣೆದುರಿಗೆ ಬರುವುದಿಲ್ಲ, ಸಂಭಾಷಣೆ ಇಲ್ಲ. ಒಂದು ಸಲ ಅವಳು ಗೆಳೆಯನ ಮನೆ ಸೇರುತ್ತಾಳೆ. ಅವಳ ಡಿಗ್ರಿ ಸರ್ಟಿಫಿಕೇಟಿನ ಫ್ರೇಮ್ ತಗುಲಿಹಾಕಲು ಆ ಮನೆಯ ಗೋಡೆಗಳಲ್ಲಿ ಎಲ್ಲೂ ಜಾಗ ಸಿಗುವುದಿಲ್ಲ. ಎಲ್ಲಾ ಕಡೆ ಇಟ್ಟು ನೋಡಿ, ಕೊನೆಗೆ ಮಂಚದ ಕೆಳಗೆ ತಳ್ಳಬೇಕು. ಅದನ್ನು ತಳ್ಳಿದ್ದು ನನ್ನ ಕೈ. ನಾನು ಅಲ್ಲಿಗೇ ಗೇಮ್ ನಿಲ್ಲಿಸಿ ಎದ್ದು ಹೊರಗೆ ಹೋದೆ. ಸಾಮಾನು ಕಟ್ಟುವ ಕಥೆಯನ್ನು ನಾನೂ ಮಾಡಿದ್ದೆ, ಆದರೆ ಕಟ್ಟುವ ಮುಂಚೆ ಅದರ ಬಗ್ಗೆ ಪ್ರಬಂಧ ಓದಿಸಿದ್ದೆ.

ಹಾಗಾಗಿ ಆ ಏಳು ನಿಮಿಷ ಪೂರ್ತಿ ಹೋಗಿದೆ. ಈಗ ಗೇಮ್ ಅಡುಗೆಮನೆಯಲ್ಲಿ ಶುರುವಾಗುತ್ತದೆ. ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸು ಅಂತ ಅಮ್ಮ ಹೇಳುತ್ತಾಳೆ. ಕಿಟಕಿಯಾಚೆ ಅಂಗಳದಲ್ಲಿ ಅಪ್ಪ ಗಾಡಿಯ ಅಗಲವನ್ನು ಮೊಳ ಹಾಕಿ ಅಳೆಯುತ್ತಿದ್ದಾನೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. 1819 ಅಡಿ ಅನ್ನುವ ಅಂಕಿ ಈಗ ಒಂದೇ ಕಡೆ ಇದೆ, ಅಪ್ಪನ ಅಂಗಿ ಜೇಬಿನಲ್ಲಿ ಮಡಚಿಟ್ಟ ಕಾಗದದಲ್ಲಿ. ಬೇಕಾದವರು ತೆಗೆದು ಓದಬಹುದು.

ಇನ್ನು ನನಗೆ ಅತಿ ಹೆಚ್ಚು ನೋವು ಕೊಟ್ಟ ಮಾತು. "ನಿಮ್ಮ ಗೇಮ್ ನನಗೆ ಸುಳ್ಳು ಹೇಳಿತು." ಎರಡನೇ ದಿನ ಅಪ್ಪ ಕಚೇರಿಗೆ ಅರ್ಜಿ ಕೊಡಲು ಹೊರಡುವಾಗ ಸ್ಕ್ರೀನ್ ಮೇಲೆ ಮೂರು ಆಯ್ಕೆ ಬರುತ್ತಿದ್ದವು. ಜೊತೆಗೆ ಹೋಗು, ಬೇಡ ಅನ್ನು, ಸುಮ್ಮನಿರು. ಯಾವುದನ್ನು ಒತ್ತಿದರೂ ಮುಂದೆ ನಡೆಯುವುದು ಒಂದೇ. 2012ರಲ್ಲಿ ಬಂದ ಟೆಲ್‌ಟೇಲ್‌ನವರ ದ ವಾಕಿಂಗ್ ಡೆಡ್ ಗೇಮ್‌ನಲ್ಲಿ ಏನಾದರೂ ಹೇಳಿದಾಗ "ಇದನ್ನು ಅವಳು ನೆನಪಿಟ್ಟುಕೊಳ್ಳುತ್ತಾಳೆ" ಅಂತ ಮೂಲೆಯಲ್ಲಿ ಬರುತ್ತದಲ್ಲ, ಅದು ನನಗೆ ತುಂಬಾ ಇಷ್ಟವಾಗಿತ್ತು. ನಾನೂ ಹಾಗೇ "ಅಪ್ಪ ಇದನ್ನು ಮರೆಯುವುದಿಲ್ಲ" ಅಂತ ಹಾಕಿದೆ. ಆದರೆ ನನ್ನ ಕೋಡ್‌ನಲ್ಲಿ ಅಪ್ಪ ಏನನ್ನೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಮೂರು ಸಲ ಆಡಿ ಮೂರೂ ಆಯ್ಕೆ ನೋಡಿದ ಒಬ್ಬರು ಇದನ್ನು ಹಿಡಿದರು.

"ಆ ಜನಕ್ಕೆ ಆಯ್ಕೆಯೇ ಇರಲಿಲ್ಲ, ಅದನ್ನೇ ತೋರಿಸಿದ್ದೇನೆ" ಅಂತ ಮೊದಲು ನನ್ನೊಳಗೇ ವಾದ ಮಾಡಿದೆ. ಈಗ ಆ ವಾದವನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಆಯ್ಕೆ ಇರಲಿಲ್ಲ ಅನ್ನುವುದು ನಿಜ. ಹಾಗಿದ್ದ ಮೇಲೆ ಬಟನ್ ಯಾಕೆ ಇಟ್ಟೆ? ಬಟನ್ ಇಡುವುದು ಅಂದರೆ ಮಾತು ಕೊಟ್ಟ ಹಾಗೆ. ನೀನು ಒತ್ತಿದರೆ ಏನೋ ಆಗುತ್ತದೆ ಅಂತ ಆಡುವವರಿಗೆ ಕೊಟ್ಟ ಮಾತು. ಅವರು ಅರ್ಧ ನಿಮಿಷ ಯೋಚಿಸಿ, ಆ ಹುಡುಗಿಯ ಜಾಗದಲ್ಲಿ ನಿಂತು ಒತ್ತುತ್ತಾರೆ. ಆ ಅರ್ಧ ನಿಮಿಷವನ್ನು ನಾನು ಕದ್ದೆ. ಕ್ಷಮೆ ಇರಲಿ.

ಹೊಸ ಆವೃತ್ತಿಯಲ್ಲಿ ಆ ಮೂರು ಬಟನ್ ಇಲ್ಲ. ಅಪ್ಪ ಹೇಳುತ್ತಾ ಹೋಗುತ್ತಾನೆ, ಹುಡುಗಿ ಅರ್ಜಿ ಬರೆಯುತ್ತಾಳೆ. ಆಡುವವರು ಬೆರಳಿನಲ್ಲಿ ಅಕ್ಷರ ತಿದ್ದಬೇಕು. ಬರೆದು ಮಡಚಿ ಕೊಡಬೇಕು. ಉತ್ತರ ಬರುವುದಿಲ್ಲ. ನಿಜವಾದ ಆಯ್ಕೆ ಇರುವುದು ಗಾಡಿಯಲ್ಲಿ ಮಾತ್ರ, ಮತ್ತು ಅದಕ್ಕೆ ಈಗ ಬೆಲೆ ಇದೆ. ಬೀಸುವ ಕಲ್ಲು ಹೇರಿದರೆ ಹೊಸ ಜಾಗದಲ್ಲಿ ಬೆಳಗಾಗುವುದು ಅದರ ಸದ್ದಿನಿಂದ. ಬಿಟ್ಟು ಹೋದರೆ ಹುಡುಗಿ ರಾಗಿ ಹೊತ್ತು ಗುರುತಿಲ್ಲದ ಪಕ್ಕದ ಮನೆಯವರ ಬಾಗಿಲು ತಟ್ಟಬೇಕು. ಚೆನ್ನೆಮಣೆ ತಗೊಂಡರೆ ಮಳೆಗಾಲದಲ್ಲಿ ಆಡಲು ಯಾರೋ ಬರುತ್ತಾರೆ. ಹೆಬ್ಬಾಗಿಲಿನ ಚೌಕಟ್ಟು ಹೇರಿದರೆ ಬೇರೆ ಅರ್ಧದಷ್ಟು ಸಾಮಾನು ಅಲ್ಲೇ ಉಳಿಯುತ್ತದೆ. ನಮ್ಮ ಮನೆಯವರು ಅದನ್ನೇ ಹೇರಿದರು. ಇವತ್ತಿಗೂ ಅಜ್ಜಿ ಮನೆಗೆ ಹೋದರೆ ನಾನು ತಲೆ ಬಗ್ಗಿಸಿ ದಾಟುವುದು ಅದೇ ಚೌಕಟ್ಟನ್ನು.

ಮಾತಿನ ಭಾಷೆ ಬಗ್ಗೆ ಸಾಗರದ ಕಡೆಯವರು ಹೇಳಿದ್ದು ಪೂರ್ತಿ ಸರಿ. "ನಾವು ನಮ್ಮ ಪೂರ್ವಜರ ನೆಲವನ್ನು ತೊರೆದು ಹೋಗಬೇಕಾಗಿದೆ" ಅಂತ ಯಾವ ಅಮ್ಮನೂ ಒಲೆ ಮುಂದೆ ಕೂತು ಹೇಳುವುದಿಲ್ಲ. ಈಗ ಅವಳು ಹೇಳುವುದು, "ಹೊಳೆ ಬಾಗಿಲಿಗೇ ಬರ್ತದಂತೆ. ಭತ್ತ ಒಣಗಿದ್ಯಾ ನೋಡು." ಅಷ್ಟೇ.

ಇದರ ಜೊತೆಗೇ ಬಂದ ಇನ್ನೊಂದು ದೂರು, ಅಮ್ಮ ತೊದಲುತ್ತಾಳೆ ಅನ್ನುವುದು. ಇದು ಟೆಕ್ನಿಕಲ್ ವಿಷಯ, ಆದರೆ ಕನ್ನಡದಲ್ಲಿ ಗೇಮ್ ಮಾಡುವ ಬೇರೆಯವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತೇನೆ. ನಾನು ಗೊಡೋ ಎಂಜಿನ್ (ಗೇಮ್ ಕಟ್ಟುವ ಸಾಫ್ಟ್‌ವೇರ್) 3ರಲ್ಲಿ ಶುರು ಮಾಡಿದಾಗ ಒತ್ತಕ್ಷರಗಳೇ ಕೂಡುತ್ತಿರಲಿಲ್ಲ. 2023ರ ಮಾರ್ಚ್‌ನಲ್ಲಿ ಗೊಡೋ 4 ಬಂದ ಮೇಲೆ ಕನ್ನಡ ಸರಿಯಾಗಿ ಕಾಣಿಸಿತು. ಆ ದಿನ ನಾನು ಮಾಡಿದ ಮೊದಲ ಕೆಲಸ, "ಸ್ತ್ರೀ" ಅಂತ ಟೈಪ್ ಮಾಡಿ ಸುಮ್ನೆ ನೋಡುತ್ತಾ ಕೂತದ್ದು. ಆದರೆ ಮಾತು ಒಂದೊಂದೇ ಅಕ್ಷರವಾಗಿ ಮೂಡುವ ಎಫೆಕ್ಟ್ ಇದೆಯಲ್ಲ, ಅದು ಇಂಗ್ಲಿಷ್ ಲಿಪಿಗೆ ಹೊಂದುವಂಥದ್ದು. "ಹತ್ತಿಸು" ಅನ್ನುವಾಗ ಮೊದಲು ತ, ಆಮೇಲೆ ತ್, ಆಮೇಲೆ ತ್ತ, ಕೊನೆಗೆ ತ್ತಿ. ಪ್ರತಿ ಪದವೂ ಕಣ್ಣೆದುರಿಗೆ ಮುರಿದು ಮುರಿದು ಕೂಡುತ್ತದೆ. ಎಂಜಿನ್‌ನಲ್ಲೇ ಅಕ್ಷರ ಕೂಡಿದ ಮೇಲೆ ತೋರಿಸುವ ಸೆಟ್ಟಿಂಗ್ ಇದೆ, ಅದನ್ನು ಬಳಸಿ ನೋಡಿದೆ, ವಾಸಿ ಅನ್ನಿಸಿತು. ಕೊನೆಗೆ ಇಡೀ ಪದವನ್ನೇ ಒಂದು ಸಲಕ್ಕೆ ತೋರಿಸಿ, ಉಸಿರು ತೆಗೆದುಕೊಳ್ಳುವ ಕಡೆ ತಡೆಯುವಂತೆ ಮಾಡಿದೆ. ಈಗ ಅಮ್ಮ ಅಮ್ಮನ ಹಾಗೆ ಮಾತಾಡುತ್ತಾಳೆ.

ಕೊನೆಯ ದೃಶ್ಯಕ್ಕೆ ಬರುತ್ತೇನೆ. "ಮನೆ ಉಳಿಸುವ ಒಂದು ದಾರಿಯಾದರೂ ಇಡಿ, ಎಷ್ಟು ಕಷ್ಟ ಇದ್ದರೂ ಆಡುತ್ತೇವೆ" ಅಂತ ಐದಾರು ಜನ ಕೇಳಿದ್ದೀರಿ. ಪ್ರೀತಿಯಿಂದ ಕೇಳಿದ್ದೀರಿ ಅಂತ ಗೊತ್ತು. ಇದನ್ನು ಮಾತ್ರ ನಾನು ಮಾಡುವುದಿಲ್ಲ. ಮುಳುಗಡೆಯಾಗಿ ಹೋದ ಕುಟುಂಬಗಳಲ್ಲಿ ಹೊಸ ಜಾಗದ ಹಕ್ಕುಪತ್ರಕ್ಕೆ ಇವತ್ತಿಗೂ ಕಚೇರಿ ಅಲೆಯುವವರಿದ್ದಾರೆ, ಅರವತ್ತು ವರ್ಷ ದಾಟಿದೆ. ಚೆನ್ನಾಗಿ ಆಡಿದರೆ ಮನೆ ಉಳಿಯುತ್ತದೆ ಅಂತ ನಾನು ತೋರಿಸಿದರೆ, ಉಳಿಸಿಕೊಳ್ಳಲು ಆಗದವರು ಸರಿಯಾಗಿ ಆಡಲಿಲ್ಲ ಅಂತ ಹೇಳಿದ ಹಾಗಾಗುತ್ತದೆ. 2012ರಲ್ಲಿ ಮಾಸ್ ಎಫೆಕ್ಟ್ 3 ಗೇಮ್‌ನ ಕೊನೆ ಬಗ್ಗೆ ಆಟಗಾರರು ದೊಡ್ಡ ಗಲಾಟೆ ಮಾಡಿದಾಗ ಅದನ್ನು ಮಾಡಿದ ಬಯೋವೇರ್‌ನವರು ಅದೇ ಜೂನ್‌ನಲ್ಲಿ ಹೊಸ ದೃಶ್ಯಗಳನ್ನು ಉಚಿತವಾಗಿ ಕೊಟ್ಟರು. ಕೊನೆಯನ್ನು ಬುಡಸಮೇತ ಕಿತ್ತು ಹಾಕಲಿಲ್ಲ, ಅರ್ಥವಾಗದೇ ಉಳಿದದ್ದನ್ನು ಬಿಡಿಸಿ ತೋರಿಸಿದರು. ಅದು ನನಗೆ ಸರಿ ಅನ್ನಿಸುತ್ತದೆ.

ಆದರೆ ನೀರು ಏರುವ ಆ ತೊಂಬತ್ತು ಸೆಕೆಂಡಿನ ವಿಡಿಯೋ "ಸಿನಿಮಾ ತರಹ ಇದೆ, ನಮ್ಮದಲ್ಲ ಅನ್ನಿಸುತ್ತದೆ" ಅಂದದ್ದನ್ನು ಒಪ್ಪಿದ್ದೇನೆ. ಅಜ್ಜಿಯನ್ನೂ ಕೇಳಿದೆ. ಅವರು ನೀರು ಏರುವುದನ್ನು ನೋಡಿಯೇ ಇಲ್ಲ. ಗಾಡಿ ಹೊರಟ ಮೇಲೆ ಆ ಕಡೆ ಹೋಗಲೇ ಇಲ್ಲ. ಎಷ್ಟೋ ವರ್ಷ ಆದಮೇಲೆ ಲಾಂಚ್‌ನಲ್ಲಿ ದಾಟುವಾಗ ನೋಡಿದ್ದು, ಆಗ ಅದು ಚಪ್ಪಟೆ ನೀರು ಅಷ್ಟೇ. ಈಗ ಗೇಮ್ ಅಲ್ಲಿಗೆ ಮುಗಿಯುತ್ತದೆ, ಲಾಂಚ್‌ನ ಕಂಬಿ ಹಿಡಿದು ನಿಂತಲ್ಲಿಗೆ. 2025ರ ಜುಲೈನಿಂದ ಅಲ್ಲಿ ಸೇತುವೆ ಇದೆ, ಇನ್ನು ಮುಂದೆ ಹೋಗುವವರು ಅಷ್ಟು ಹತ್ತಿರದಿಂದ ಆ ನೀರು ನೋಡುವುದಿಲ್ಲ. ಅದಕ್ಕೂ ಲಾಂಚ್ ಇರಲಿ ಅನ್ನಿಸಿತು.

ಈಗ ಬೆಕ್ಕು.

ಮೊದಲ ದಿನದ ಅಡುಗೆಮನೆ ದೃಶ್ಯ ಖಾಲಿ ಕಾಣುತ್ತಿತ್ತು ಅಂತ ಒಲೆ ಪಕ್ಕ ಒಂದು ಬೆಕ್ಕು ಬಿಡಿಸಿದ್ದೆ. ಮುಂದಿನ ದೃಶ್ಯಗಳಲ್ಲಿ ಅದು ಇಲ್ಲ, ಯಾಕೆಂದರೆ ನಾನು ಮತ್ತೆ ಅದರ ಬಗ್ಗೆ ಯೋಚಿಸಲೇ ಇಲ್ಲ. ಒಂಬತ್ತು ಜನ ಕೇಳಿದಿರಿ, ಬೆಕ್ಕು ಎಲ್ಲಿ ಹೋಯಿತು? ಒಬ್ಬ ಹುಡುಗ ಗಾಡಿಯಲ್ಲಿ ಅದಕ್ಕೆ ಜಾಗ ಇರಲಿ ಅಂತ ಒಂದು ಬುಟ್ಟಿಯನ್ನು ಕೊನೆವರೆಗೂ ಖಾಲಿ ಇಟ್ಟುಕೊಂಡಿದ್ದನಂತೆ.

ಕಳೆದ ತಿಂಗಳು ಊರಿಗೆ ಹೋದಾಗ ಅಜ್ಜಿಯನ್ನು ಕೇಳಿದೆ. ನಿಮ್ಮ ಮನೆಯಲ್ಲಿ ಬೆಕ್ಕಿತ್ತಾ ಅಂತ. ಅಡಿಕೆ ಕತ್ತರಿಸುತ್ತಿದ್ದವರು ಕೈ ನಿಲ್ಲಿಸಿದರು. ಇತ್ತು. ಗೋಣಿಚೀಲದಲ್ಲಿ ಹಾಕಿ ಗಾಡಿ ಮೇಲೆ ಇಟ್ಟಿದ್ದರು. ಹಳ್ಳ ದಾಟುವಾಗ ಚೀಲದಿಂದ ಹಾರಿ ಮನೆ ಕಡೆ ಓಡಿತು. ಅಜ್ಜಿಯ ತಮ್ಮ ಓಡಿಹೋಗಿ ಹಿಡಿದು ತಂದ. ಮತ್ತೆ ಹಾರಿತು. ಕತ್ತಲಾಗುತ್ತದೆ, ಬಿಡಿ ಅಂದರು ಅಪ್ಪ. ಬೆಕ್ಕು ಮನೆಗೆ ಸೇರಿದ್ದು, ಮನುಷ್ಯರಿಗಲ್ಲ ಅಂದರಂತೆ ಅಮ್ಮ. ತಮ್ಮ ಎಂಟು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಈ ಗೇಮ್‌ಗಾಗಿ ಮೂರು ವರ್ಷದಿಂದ ಅಜ್ಜಿಯ ಮಾತು ರೆಕಾರ್ಡ್ ಮಾಡಿದ್ದೇನೆ. ಹನ್ನೊಂದು ಗಂಟೆ ಇದೆ. ಅದರಲ್ಲಿ ಎಲ್ಲೂ ಬೆಕ್ಕಿಲ್ಲ. ನಾನು ಕೇಳಿದ್ದು ಪರಿಹಾರ ಎಷ್ಟು, ಯಾವ ತಿಂಗಳು, ಎಷ್ಟು ಎಕರೆ, ಇಂಥವನ್ನೇ. ನೀವು ಆಡಿದಿರಿ, ಆ ಮನೆಯೊಳಗೆ ಓಡಾಡಿದಿರಿ, ನಿಮಗೆ ಬೆಕ್ಕು ಕಾಣಿಸಿತು, ನೀವು ಕೇಳಿದಿರಿ. ಅದಕ್ಕೇ ನಿಮ್ಮ ಮಾತುಗಳಿಗೆ ನಾನು ಇಷ್ಟು ಉದ್ದ ಉತ್ತರ ಬರೆಯುತ್ತಿರುವುದು.

ಈಗ ಆ ದೃಶ್ಯ ಬರೆಯುತ್ತಿದ್ದೇನೆ. ಹಳ್ಳದ ಹತ್ತಿರ ಗಾಡಿ ನಿಲ್ಲುತ್ತದೆ. ಬೆಕ್ಕನ್ನು ಕರೆಯಬಹುದು, ಎಷ್ಟು ಸಲ ಬೇಕಾದರೂ. ಗಾಡಿ ಯಾವಾಗ ಹೊರಡಬೇಕು ಅನ್ನುವುದು ಅಪ್ಪನ ಕೈಯಲ್ಲಿದೆ, ಆಡುವವರ ಕೈಯಲ್ಲಿಲ್ಲ. ಅಲ್ಲಿ ಬಟನ್ ಇಲ್ಲ. ಅಜ್ಜಿ ಒಂದೇ ಒಂದು ಷರತ್ತು ಹಾಕಿದ್ದಾರೆ: "ಸತ್ತೋಯ್ತು ಅಂತ ತೋರಿಸಬೇಡ. ನಾನು ನೋಡಿಲ್ಲ." ತೋರಿಸುವುದಿಲ್ಲ.

ಹೊಸ ಆವೃತ್ತಿ ಮುಂದಿನ ತಿಂಗಳು ಬರುತ್ತದೆ, ಇದೂ ಉಚಿತ. ಹಳೇ ಸೇವ್ ಅದರಲ್ಲಿ ನಡೆಯುವುದಿಲ್ಲ, ಮೊದಲಿಂದ ಆಡಬೇಕು. ಸಾಗರ, ಹೊಸನಗರ ಕಡೆಯವರು ಯಾರಾದರೂ ಮುಂಚೆಯೇ ಆಡಿ ಮಾತುಗಳನ್ನು ತಿದ್ದಿಕೊಡುವುದಾದರೆ ತಿಳಿಸಿ, ಲಿಂಕ್ ಕಳಿಸುತ್ತೇನೆ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರು ಏನು ಹೇಳಿದರು ಅನ್ನುವುದನ್ನೂ ಬರೆಯಿರಿ.