ನೂರು ಎಂಬಿಪಿಎಸ್ ಬಂತು, ಕೊನೇ ಓವರ್ ಬರಲಿಲ್ಲ

ಕೊನೇ ಓವರ್. ಬೌಲರ್ ಓಡಿ ಬಂದ, ಫೈಬರ್ ಇಂಟರ್ನೆಟ್ಟಿನಲ್ಲಿ ಬರುವ ನಮ್ಮ ಟಿವಿ ನಿಂತಿತು. ನಡುವೆ ಆ ಚಕ್ರ ಗಿರಗಿರ. ಪಕ್ಕದ ಮನೆಯಲ್ಲಿ ಇನ್ನೂ ಡಿಶ್ ಇದೆ. ಗೆದ್ದೆವು ಅಂತ ನನಗೆ ಗೊತ್ತಾಗಿದ್ದು ಗೋಡೆಯಾಚೆಯ ಕೂಗಿನಿಂದ.

ಬೆಳಿಗ್ಗೆ ಹನ್ನೊಂದಕ್ಕೆ ಆಪರೇಟರ್ ಕಡೆಯ ಹುಡುಗ ಬಂದ. ಸ್ಪೀಡ್ ಟೆಸ್ಟ್ ತೋರಿಸಿದ. ‘ನೋಡಿ ಸರ್, 94 ಬರ್ತಿದೆ!’ ಹನ್ನೊಂದಕ್ಕೆ ಬರದೆ ಏನು? ಇಡೀ ಕೌಲ್ ಬಜಾರ್ ಆಗ ಕೆಲಸಕ್ಕೆ ಹೋಗಿರುತ್ತದೆ. ನಮ್ಮ ಫೈಬರ್‌ಗೆ ಇರುಳುಗುರುಡು, ರಾತ್ರಿ ಎಂಟಾದರೆ ಕಣ್ಣೇ ಕಾಣಲ್ಲ.

ತಾಮ್ರದ ವೈರಿನ ಕಾಲದಲ್ಲಾದರೂ ನೆಪ ಇತ್ತು. ಟೆಲಿಫೋನ್ ಎಕ್ಸ್‌ಚೇಂಜ್‌ನಿಂದ ದೂರ ಹೋದಷ್ಟೂ ಎಡಿಎಸ್ಎಲ್, ಅಂದರೆ ಫೋನ್ ತಂತಿಯ ಇಂಟರ್ನೆಟ್, ಸ್ಪೀಡ್ ಬೀಳುತ್ತಿತ್ತು. ಮಳೆ ಬಂದರೆ ಜಾಯಿಂಟಿಗೆ ನೀರು. ಎಷ್ಟು ಸಲ ಗುಂಡಿಯಲ್ಲಿ ಕೂತು ಒರೆಸಿದ್ದೇನೋ! ಫೈಬರ್‌ಗೆ ಆ ರೋಗ ಇಲ್ಲ. ಒಂದೇ ಫೈಬರ್ ಎಳೆಯನ್ನ ಹಲವು ಮನೆಗೆ ಹಂಚುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಪೋರ್ಟಿನಿಂದ ಸುಮಾರು 2.5 ಗಿಗಾಬಿಟ್, ಅಂದರೆ 2,500 ಎಂಬಿಪಿಎಸ್, ಇಳಿಯುತ್ತದೆ. ಸ್ಪ್ಲಿಟರ್ ಹಾಕಿ 64 ಮನೆಗೆ ಹಂಚಿದರೂ, ಎಲ್ಲರೂ ಒಟ್ಟಿಗೆ ಕೂತರೂ, ಮನೆಗೆ 35 ಎಂಬಿಪಿಎಸ್‌ಗೆ ಮೋಸ ಇಲ್ಲ. ಎಚ್‌ಡಿ ಮ್ಯಾಚಿಗೆ ಐದರಿಂದ ಎಂಟು ಸಾಕು.

ಹಾಗಾದರೆ ಹುಳುಕು ಓಎಲ್‌ಟಿ ಪೆಟ್ಟಿಗೆಯ ಹಿಂದೆ, ಅಂದರೆ ಮನೆಮನೆಯ ಫೈಬರ್ ಹೊರಡುವ ಆಪರೇಟರ್ ಪೆಟ್ಟಿಗೆಯ ಹಿಂದೆ. 500 ಮನೆ ಐದೈದು ಎಂಬಿಪಿಎಸ್ ಎಳೆದರೆ 2.5 ಗಿಗಾಬಿಟ್ ಬೇಕು. ಪೆಟ್ಟಿಗೆಗೆ ಮೇಲಿಂದ ನೀವು ತಗೊಂಡಿರೋ ಲೈನ್ ಎಷ್ಟರದಪ್ಪಾ ಅಂತ ಹುಡುಗನನ್ನ ಕೇಳಿದೆ. ‘ಸರ್, 300 ಚಾನೆಲ್ ಫ್ರೀ ಇದೆ’ ಅಂದ. ನಾನು ಕೇಳಿದ್ದೇನು, ಅವನು ಹೇಳಿದ್ದೇನು!

ಆ ಚಾನೆಲ್ಲಾದರೂ ಏನು? ಒಂದು ಆ್ಯಪ್, ಅಷ್ಟೇ. ನೆಟ್ಟಗೆ ಐಪಿಟಿವಿ, ಅಂದರೆ ಇಂಟರ್ನೆಟ್ ಲೈನಿನಲ್ಲೇ ಟಿವಿ, ಮಾಡೋರು ಮಲ್ಟಿಕಾಸ್ಟ್ ಮಾಡುತ್ತಾರೆ. ನೂರು ಮನೆಯವರು ಒಂದೇ ಚಾನೆಲ್ ನೋಡಿದರೂ ಓಎಲ್‌ಟಿ ತನಕ ಒಂದೇ ಪ್ರತಿ ಬರುತ್ತದೆ. ಆ್ಯಪ್‌ನಲ್ಲಾದರೆ ಮನೆಗೊಂದು ಪ್ರತಿ. ಸಣ್ಣ ಲೈನಿನ ಮೇಲೆ ಇದು ಬೇರೆ!

‘ಅಣ್ಣಾ, ಎಲ್ಲರೂ ಒಟ್ಟಿಗೆ ಎಳೆಯಲ್ಲ ಅನ್ನೋ ಲೆಕ್ಕದ ಮೇಲೇ ಎಲ್ಲಾ ಕಂಪನಿ ಮಾರೋದು’ ಅಂತೀರಿ. ಗೊತ್ತು ಕಣ್ರೀ. ಟೆಲಿಫೋನಿನಲ್ಲೂ ಅದೇ ಲೆಕ್ಕ, ಊರೆಲ್ಲಾ ಒಂದೇ ಸಲ ರಿಸೀವರ್ ಎತ್ತಲ್ಲ ಅಂತ. ಆದರೆ ಮ್ಯಾಚನ್ನ ಜನ ಪಾಳಿ ಹಾಕಿಕೊಂಡು ನೋಡ್ತಾರಾ? ಟಿವಿ ಕೊಡ್ತೀನಿ ಅಂದವನು ಎಂಟು ಗಂಟೆಯ ಲೆಕ್ಕ ಹಾಕಬೇಕು, ಹನ್ನೊಂದು ಗಂಟೆಯದ್ದಲ್ಲ. ದೂರು ಕೊಡೋಣ ಅಂದರೆ, 2023ರ ಸರ್ಕಾರಿ ನಿಯಮದಲ್ಲಿ 2 ಎಂಬಿಪಿಎಸ್ ಬಂದರೂ ಅದು ಬ್ರಾಡ್‌ಬ್ಯಾಂಡೇ.

ನಿಜ ಹೇಳಲಾ? ನನಗೆ ಜಾಸ್ತಿ ಉರಿದದ್ದು ಮ್ಯಾಚಿಗಲ್ಲ. ಹೋಗುವಾಗ ಆ ಹುಡುಗ ಫೈಬರ್ ಅಂದ್ರೇನು ಅಂತ ನನಗೇ ಪಾಠ ಮಾಡಿದ. ನನಗೆ!

ಬಳ್ಳಾರಿಯಲ್ಲಿ ರಾತ್ರಿ ಎಂಟಕ್ಕೆ ಚಕ್ರ ತಿರುಗದೆ ನೋಡುತ್ತಿರುವವರು ಯಾರಾದರೂ ಇದ್ದರೆ, ಯಾವ ಕನೆಕ್ಷನ್ ಅಂತ ಇನ್‌ಬಾಕ್ಸ್ ಮಾಡಿ. ಸ್ಪೀಡ್ ಟೆಸ್ಟ್ ಫೋಟೋ ಮಾತ್ರ ಕಳಿಸಬೇಡಿ.