ಹಡಗು ಇಳಿದ ಮೇಲೆ ಸಿಗುವ ಎಂಟು ಗಂಟೆ

ನಮ್ಮ ಕಾಕಾನ ಮಗ ಮುಂದಿನ ತಿಂಗಳು ಮನೆಮಂದಿಯನ್ನೆಲ್ಲ ಕರೆದುಕೊಂಡು ಮುಂಬೈನಿಂದ ಕ್ರೂಸ್‌ಗೆ ಹೊರಟಿದ್ದಾನೆ. ಹಡಗು ಗೋವಾದಲ್ಲಿ ಒಂದು ದಿನ ನಿಲ್ಲುತ್ತದೆ. ಅವತ್ತು ಏನೇನು ನೋಡಬೇಕು ಅಂತ ನಿನ್ನೆ ರಾತ್ರಿ ವಾಟ್ಸಾಪಿನಲ್ಲಿ ಪಟ್ಟಿ ಕಳಿಸಿದ. ಕಲಂಗುಟ್, ಬಾಗಾ, ಅಗ್ವಾದ ಕೋಟೆ, ಹಳೇ ಗೋವಾದ ಚರ್ಚು, ಮಂಗೇಶಿ ಗುಡಿ, ಕೊನೆಗೆ "ಟೈಮ್ ಉಳಿದ್ರ ಕೋಲ್ವಾ, ಅಕ್ಕಾ" ಅಂತ. ಓದಿ ನನಗೆ ಕಸಿವಿಸಿ ಆಯಿತು. ಎರಡು ವರ್ಷದ ಹಿಂದೆ ನಾವೂ ಇಂಥದ್ದೇ ಪಟ್ಟಿ ಕೈಯಲ್ಲಿ ಹಿಡಿದು ಇಳಿದಿದ್ದೆವು. ಅವತ್ತಿನ ಅವ್ವನ ಮುಖ ನನಗೆ ಇನ್ನೂ ಮರೆತಿಲ್ಲ. ಅವನಿಗೆ ಫೋನಿನಲ್ಲಿ ಮುಕ್ಕಾಲು ಗಂಟೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ, ಯಾಕಂದರೆ ಈಗ ಕಲಬುರಗಿಯಿಂದ ಹೀಗೆ ಹೋಗುವವರು ಜಾಸ್ತಿ ಆಗುತ್ತಿದ್ದಾರೆ.

ಅವ್ವ ಅಲ್ಲಿವರೆಗೆ ಸಮುದ್ರ ನೋಡಿರಲಿಲ್ಲ. ನಮಗೆ ನೀರು ಅಂದರೆ ಕಲಬುರಗಿಯ ಅಪ್ಪನ ಕೆರೆ, ಹೆಚ್ಚೆಂದರೆ ಗಾಣಗಾಪುರದಲ್ಲಿ ಭೀಮಾ ಅಮರ್ಜಾ ಕೂಡುವ ಸಂಗಮ. ಅರವತ್ತಾರು ವರ್ಷ ಆಗಿತ್ತು ಅವಳಿಗೆ, ಮೊಳಕಾಲು ನೋವು ಬೇರೆ. ಆದರೂ ಹದಿನೈದು ದಿನ ಮೊದಲೇ ಜೋಳದ ರೊಟ್ಟಿ ಬಡಿದು ಒಣಗಿಸಿ ಇಟ್ಟಿದ್ದಳು, ಶೇಂಗಾ ಹಿಂಡಿ ಕುಟ್ಟಿದ್ದಳು. ಅದೆಲ್ಲ ಸೊಲ್ಲಾಪುರ ದಾಟಿ ಪುಣೆ ಬರುವಷ್ಟರಲ್ಲಿ ರೈಲಿನಲ್ಲೇ ಖಾಲಿ.

ಗೋವಾದಲ್ಲಿ ಹಡಗು ನಿಲ್ಲುವುದು ಮರ್ಮಗೋವಾ ಬಂದರಿನಲ್ಲಿ, ವಾಸ್ಕೊ ಪಕ್ಕ. ಇದು ಮೊದಲು ತಲೆಯಲ್ಲಿ ಕೂರಬೇಕು. ಗೋವಾ ಅಂದ ಕೂಡಲೇ ನಮಗೆ ನೆನಪಾಗುವ ಬಾಗಾ, ಕಲಂಗುಟ್ ಎರಡೂ ಉತ್ತರದಲ್ಲಿವೆ. ಬಂದರಿನಿಂದ ಕಲಂಗುಟ್‌ಗೆ 40 ಕಿಲೋಮೀಟರ್‌ಗೂ ಜಾಸ್ತಿ. ಜುವಾರಿ ನದಿ ದಾಟಬೇಕು, ಪಣಜಿ ದಾಟಬೇಕು, ಆಮೇಲೆ ಸಣ್ಣ ರಸ್ತೆಯಲ್ಲಿ ಒಂದರ ಹಿಂದೆ ಒಂದು ಕಾರು. ನಮಗೆ ಇದು ಗೊತ್ತಿರಲಿಲ್ಲ. ಕೇಳಲೂ ಇಲ್ಲ. ಟ್ಯಾಕ್ಸಿಯವನು "ಆರಾಮಾಗಿ ಆಗ್ತದೆ" ಅಂದ, ನಾವು ಏಳು ಜನ ಹತ್ತಿ ಕೂತೆವು.

ಹಡಗು 9 ಗಂಟೆಗೆ ದಡಕ್ಕೆ ಬಂದಿತ್ತು. ನಾಷ್ಟಾ ಮುಗಿಸಿ, ಇಳಿಯುವ ಪಾಳಿಯಲ್ಲಿ ನಿಂತು, ಗೇಟು ದಾಟುವಾಗ 10 ದಾಟಿತ್ತು. ಬೀಚು ಮುಟ್ಟಿದಾಗ 12. ಅಲ್ಲಿ ಮಂದಿಯೋ ಮಂದಿ. ನೀರಿನ ಅಂಚಿನ ತುಂಬ ವಾಟರ್ ಸ್ಕೂಟರು, ಪ್ಯಾರಾಸೇಲಿಂಗ್ ದೋಣಿ, ಅವರನ್ನು ಕರೆಯುವವರು, ಇವರನ್ನು ಎಳೆಯುವವರು. ಅವ್ವನಿಗೆ ಮರಳಲ್ಲಿ ಕಾಲು ಹೂತು ನಡೆಯಲು ಆಗಲಿಲ್ಲ, ಕೂರಲು ಜಾಗ ಇಲ್ಲ, ಯಾರೋ ಓಡಿ ಬಂದು ಡಿಕ್ಕಿ ಹೊಡೆದರು. ಇಪ್ಪತ್ತು ನಿಮಿಷಕ್ಕೆ "ನಾ ಗಾಡ್ಯಾಗ ಕುಂದಿರ್ತೀನಿ, ನೀವು ಆಡ್ರಿ" ಅಂತ ವಾಪಸ್ ಹೋದಳು. ಊಟ ಮಾಡಿ ಗಡಿಯಾರ ನೋಡಿದರೆ ಎರಡು ಗಂಟೆ. ಅಲ್ಲಿಂದ ಶುರುವಾದ ಹೆದರಿಕೆ ಬಂದರಿನ ಗೇಟು ಕಾಣುವವರೆಗೂ ಹೋಗಲಿಲ್ಲ. ದಾರಿಯಲ್ಲಿ ಅಣ್ಣ ಯಾರ ಜೊತೆಗೂ ಮಾತಾಡಲಿಲ್ಲ. ಹಡಗು ಹತ್ತುವವರಲ್ಲಿ ನಾವೇ ಕೊನೆಯವರು.

ಸಂಜೆ ಡೆಕ್ಕಿನ ಮೇಲೆ ನಿಂತಾಗ ಅವ್ವ ಹೇಳಿದ್ದು ಒಂದೇ ಮಾತು. "ನೀರ ನೋಡ್ಲಾಕ ಹೋಗಿ ಮಂದಿ ನೋಡ್ಕೊಂಡು ಬಂದ್ವಿ ಯವ್ವಾ." ಬೈದು ಹೇಳಲಿಲ್ಲ, ಸುಮ್ನೆ ಹೇಳಿದಳು. ಅದೇ ನನಗೆ ಜಾಸ್ತಿ ನೋವಾಯಿತು.

ನನ್ನ ಗಟ್ಟಿ ಅಭಿಪ್ರಾಯ ಏನಂದರೆ, ಹಡಗಿನಿಂದ ಇಳಿದ ದಿನ ಹೆಸರು ಮಾಡಿದ ಬೀಚಿಗೆ ಹೋಗಬಾರದು. ಹತ್ತಿರದ ಬೀಚಿಗೆ ಹೋಗಬೇಕು, ಒಂದೇ ಬೀಚಿಗೆ ಹೋಗಬೇಕು, ಅಲ್ಲೇ ಕೂರಬೇಕು.

ಲೆಕ್ಕವನ್ನು ಹಿಂದಿನಿಂದ ಹಾಕಿ ನೋಡಿ. ಹಡಗು 5 ಗಂಟೆಗೆ ಹೊರಡುತ್ತದೆ ಅಂದರೆ 5ಕ್ಕೆ ಬಂದರೆ ನಡೆಯುವುದಿಲ್ಲ. ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ ಮೊದಲೇ ಎಲ್ಲರೂ ಒಳಗಿರಬೇಕು. ಆ ಸಮಯ ಹಡಗಿನಲ್ಲಿ ದಿನಾ ಕೊಡುವ ಹಾಳೆಯಲ್ಲಿ ಬರೆದಿರುತ್ತದೆ, ಅದರ ಫೋಟೋ ತೆಗೆದು ಎಲ್ಲರ ಫೋನಿನಲ್ಲೂ ಇಡಿ. 4ಕ್ಕೆ ಒಳಗೆ ಅಂದುಕೊಳ್ಳಿ. ತಪಾಸಣೆಯ ಪಾಳಿಗೆ ಅರ್ಧ ಗಂಟೆ ಬಿಟ್ಟರೆ ಗೇಟಿನಲ್ಲಿ 3:30ಕ್ಕೆ ಇರಬೇಕು. ಕಲಂಗುಟ್‌ನಿಂದ ಬರುವುದಾದರೆ, ದಾರಿಯ ಟ್ರಾಫಿಕ್ ನಂಬಲು ಆಗದ್ದರಿಂದ, 1:30ಕ್ಕೆ ಅಲ್ಲಿಂದ ಎದ್ದಿರಬೇಕು. ಬೆಳಿಗ್ಗೆ 11:30ಕ್ಕೆ ಮುಟ್ಟಿದರೂ ಕೈಯಲ್ಲಿ ಉಳಿಯುವುದು ಎರಡೇ ಗಂಟೆ, ಅದೂ ನೆತ್ತಿ ಸುಡುವ ಹೊತ್ತಿನ ಎರಡು ಗಂಟೆ. ಅದೇ 10 ಕಿಲೋಮೀಟರ್ ಒಳಗಿನ ಬೀಚಾದರೆ ನಾಲ್ಕೂವರೆ ಗಂಟೆ ಸಿಗುತ್ತದೆ. ಸಮುದ್ರ ಎರಡೂ ಕಡೆ ಅದೇ ಅರಬ್ಬಿ ಸಮುದ್ರ, ಅಲ್ವಾ?

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹಡಗಿನವರೇ ಏರ್ಪಾಡು ಮಾಡಿದ ಬಸ್ಸಿನಲ್ಲಿ ಹೋಗಿ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ನೀವೇ ಟ್ಯಾಕ್ಸಿ ಮಾಡಿಕೊಂಡು ಹೋಗಿ ತಡವಾದರೆ ಕಾಯುವುದಿಲ್ಲ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಿ ಹತ್ತಬೇಕು. ಹಾಗಂತ ನಾನು ಬಸ್ಸಿನ ಪರ ಅಲ್ಲ. ಆ ಬಸ್ಸುಗಳೆಲ್ಲ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಹೋಗಿ ನಿಲ್ಲುತ್ತವೆ. ನೂರಾರು ಜನ ಒಂದೇ ಗೇಟಿನಿಂದ ಒಂದೇ ಗಂಟೆಯಲ್ಲಿ ಹೊರಬಿದ್ದರೆ ಆಗುವುದೇ ಹಾಗೆ. ನಮ್ಮ ಕಡೆಯ ಹಡಗು ಸಣ್ಣದೇ. ಅಮೆರಿಕದಲ್ಲಿ 2024ರಲ್ಲಿ ಶುರುವಾದ ಐಕಾನ್ ಆಫ್ ದಿ ಸೀಸ್ ಹಡಗಿನಲ್ಲಿ ಪೂರ್ತಿ ತುಂಬಿದರೆ 7,600 ಪ್ರಯಾಣಿಕರು ಹಿಡಿಯುತ್ತಾರೆ. ಗ್ರೀಸಿನ ಸ್ಯಾಂಟೋರಿನಿ ದ್ವೀಪದಲ್ಲಿ ಜನ ತಡೆಯಲಾಗದೆ 2025ರಿಂದ ದಿನಕ್ಕೆ 8,000 ಹಡಗು ಪ್ರಯಾಣಿಕರು ಅಂತ ಮಿತಿಯನ್ನೇ ಹಾಕಿದ್ದಾರೆ. ಮಕ್ಕಳ ಹತ್ತಿರ ಅಮೆರಿಕಕ್ಕೆ ಹೋಗಿ ಅಲ್ಲಿಂದ ಕ್ರೂಸ್ ಮಾಡುವವರು ಇದನ್ನು ಇನ್ನೂ ಗಟ್ಟಿಯಾಗಿ ನೆನಪಿಡಬೇಕು. ಅಲ್ಲಿ ಒಂದೇ ದಿನ ಒಂದೇ ಬಂದರಿಗೆ ಇಂಥ ನಾಲ್ಕೈದು ಹಡಗು ಬಂದು ನಿಲ್ಲುವುದುಂಟು. ಯಾವ ದಿನ ಯಾವ ಹಡಗು ಬರುತ್ತದೆ ಅನ್ನುವ ಪಟ್ಟಿ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ, ಟಿಕೆಟ್ ಮಾಡುವ ಮೊದಲೇ ನೋಡಬಹುದು.

ಮಂದಿ ತಪ್ಪಿಸುವುದು ನಮಗೆ ಹೊಸದಾ? ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗುವ ನಮ್ಮ ಹಿರಿಯರನ್ನು ನೋಡಿ. ಮಧ್ಯಾಹ್ನ ಮಾಧುಕರಿ, ಅಂದರೆ ಭಿಕ್ಷೆಯ ಹೊತ್ತಿಗೆ ಊರು ತುಂಬುತ್ತದೆ ಅಂತ ಗೊತ್ತಿದ್ದವರು ನಸುಕಿನಲ್ಲೇ ಸಂಗಮದ ಸ್ನಾನ ಮುಗಿಸಿರುತ್ತಾರೆ. ಬಸ್ಸುಗಳು ಬಂದು ನಿಲ್ಲುವಾಗ ಅವರ ದರ್ಶನವೂ ಆಗಿರುತ್ತದೆ. ಅದೇ ಬುದ್ಧಿ ಬೀಚಿಗೂ ಸಾಕು. ನಮ್ಮದೇ ಬುದ್ಧಿಯನ್ನು ನಾವು ರೈಲು ಹತ್ತುವಾಗ ಮನೆಯಲ್ಲೇ ಬಿಟ್ಟು ಹೋಗುತ್ತೇವೆ ಅನ್ನುವುದೇ ನನಗೆ ಬೇಸರ.

ಹೋದ ಚಳಿಗಾಲ, ತೊಗರಿ ರಾಶಿ ಮುಗಿದ ಮೇಲೆ, ಮತ್ತೆ ಹೋದೆವು. ಹಠ ಮಾಡಿ ನಾನೇ ಹೊರಡಿಸಿದೆ. ಈ ಸಲ ವಾರದ ನಡುವಿನ ದಿನ ಗೋವಾ ಬರುವ ಹಾಗೆ ನೋಡಿದೆವು, ಯಾಕಂದರೆ ಶನಿವಾರ ಭಾನುವಾರ ನಮ್ಮ ಕಡೆಯಿಂದ, ಮಹಾರಾಷ್ಟ್ರದ ಕಡೆಯಿಂದ ಗಾಡಿಗಳೇ ಗಾಡಿಗಳು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಂತೂ ಹೋಗಲೇಬಾರದು. ಅವತ್ತು ಏಳಕ್ಕೇ ನಾಷ್ಟಾ ಮುಗಿಸಿ, ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲು ತೆರೆಯುವ ಮೊದಲೇ ಪಾಳಿಯ ಮುಂದಿನ ತುದಿಯಲ್ಲಿ ನಿಂತೆವು. ಒಂಬತ್ತರ ಒಳಗೆ ಬೋಗಮಾಲೋ ಬೀಚಿನಲ್ಲಿದ್ದೆವು.

ಬೋಗಮಾಲೋ ದಾಬೋಲಿಂ ವಿಮಾನ ನಿಲ್ದಾಣದ ಹಿಂದೆ ಇರುವ ಸಣ್ಣ ಬೀಚು. ಅರ್ಧ ಚಂದ್ರನ ಆಕಾರ, ಎರಡೂ ತುದಿಗೆ ಗುಡ್ಡ, ಮರಳಿನ ಮೇಲೆ ಮೀನುಗಾರರ ದೋಣಿ. ನಾವು ಹೋದಾಗ ಹತ್ತು ಹನ್ನೆರಡು ಜನ ಇದ್ದಿರಬಹುದು. ಶ್ಯಾಕಿನ, ಅಂದರೆ ಬೀಚಿನ ಗುಡಿಸಲು ಹೋಟೆಲಿನ ಹುಡುಗ ನಮ್ಮ ಮಾತು ಕೇಳಿ "ಯಾ ಊರ್ರಿ ನಿಮ್ದು?" ಅಂತ ಬಂದ. ವಿಜಯಪುರದ ಕಡೆಯವನು. ವಾಸ್ಕೊ ಸುತ್ತ ಉತ್ತರ ಕರ್ನಾಟಕದ ಮಂದಿ ಬಹಳ ಇದ್ದಾರೆ, ಕನ್ನಡಕ್ಕೆ ಏನೂ ಕೊರತೆ ಇಲ್ಲ. ಅವನೇ ಪ್ಲಾಸ್ಟಿಕ್ ಕುರ್ಚಿ ತಂದು ನೀರಿನ ಅಂಚಿಗೆ ಹಾಕಿ, "ಆಯಿ, ಇಲ್ಲಿ ಕುಂದ್ರಿ" ಅಂದ.

ಅವ್ವ ಸೀರೆ ಸ್ವಲ್ಪ ಎತ್ತಿ ಕೂತಳು. ಅಲೆ ಬಂದು ಪಾದದ ಮೇಲೆ ಹಾಯ್ದು ಹೋಯಿತು. ಕಾಲ ಕೆಳಗಿನ ಮರಳು ಸರಿದಾಗ ಗಾಬರಿಯಾಗಿ ನನ್ನ ಕೈ ಹಿಡಿದಳು, ಆಮೇಲೆ ಬಿಟ್ಟಳು. ಸೆರಗಿನ ಗಂಟಿನಿಂದ ಅರಿಷಿಣ ಕುಂಕುಮದ ಪುಡಿಕೆ ತೆಗೆದಳು. ಅದನ್ನು ತಂದಿದ್ದು ನನಗೆ ಗೊತ್ತೇ ಇರಲಿಲ್ಲ. ಗಂಗವ್ವನಿಗೆ ಏರಿಸಿ, ಬೊಗಸೆಯಲ್ಲಿ ನೀರು ಹಿಡಿದು ತಲೆಗೆ ಹಚ್ಚಿಕೊಂಡು, ನಾಲಿಗೆಗೂ ಮುಟ್ಟಿಸಿ "ಏ, ಖರೇನೇ ಉಪ್ಪು ಅದಲ್ಲಾ!" ಅಂದಳು. ಮೂರು ತಾಸು ಅಲ್ಲಿಂದ ಏಳಲಿಲ್ಲ. ಹುಡುಗರು ಮರಳಲ್ಲಿ ಬಹಮನಿ ಕೋಟೆ ಕಟ್ಟಿದರು, ತೋಪು ಸಮೇತ. ಹನ್ನೊಂದರ ಹೊತ್ತಿಗೆ ಇನ್ನಷ್ಟು ಜನ ಬಂದರು, ಆದರೂ ಉಸಿರಾಡಲು ಜಾಗ ಇತ್ತು. ಒಂದು ಗಂಟೆಗೆ ಬಿಸಿಲು ಏರಿದಾಗ ಎದ್ದೆವು. ದಾರಿಯಲ್ಲೇ ನೌಕಾಪಡೆಯ ವಿಮಾನಗಳ ಮ್ಯೂಸಿಯಂ ಇದೆ, ಹುಡುಗರಿಗೆ ಅದನ್ನೂ ತೋರಿಸಿದೆವು. ಸೋಮವಾರ ಅದು ಮುಚ್ಚಿರುತ್ತದೆ.

ವಾಪಸ್ ಬೇಗ ಬಂದದ್ದಕ್ಕೆ ಇನ್ನೊಂದು ಲಾಭ ಆಯಿತು. ಎಲ್ಲರೂ ಊರು ಸುತ್ತಲು ಹೋಗಿದ್ದರಿಂದ ಹಡಗಿನ ಮೇಲಿನ ಈಜುಕೊಳ ಖಾಲಿ. ಉಳಿದ ದಿನ ಕಾಲಿಡಲು ಜಾಗ ಇರದ ಕೊಳದಲ್ಲಿ ಹುಡುಗರು ಇಬ್ಬರೇ ಎರಡು ತಾಸು ಬಿದ್ದುಕೊಂಡಿದ್ದರು. ನಡೆಯಲು ಆಗದ ಹಿರಿಯರು ಇದ್ದರೆ, ಬಂದರಿನ ದಿನ ಹಡಗಿನಲ್ಲೇ ಉಳಿಯುವುದೂ ಒಳ್ಳೆಯದೇ. ಅದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ.

ಒಂದು ಎಚ್ಚರಿಕೆ ಮಾತ್ರ ದಯವಿಟ್ಟು ಕೇಳಿ. ಮಂದಿ ಇಲ್ಲದ ಬೀಚು ಹುಡುಕಿ ಅಂತ ಹೇಳುತ್ತಿದ್ದೇನೆ, ಲೈಫ್‌ಗಾರ್ಡ್ ಇಲ್ಲದ ಬೀಚು ಹುಡುಕಿ ಅಂತಲ್ಲ. ನಾವು ಬಯಲುಸೀಮೆಯವರು. ನಮಗೆ ಕೆರೆ ಬಾವಿಯ ನೀರು ಗೊತ್ತು, ಸಮುದ್ರದ ನೀರು ಗೊತ್ತಿಲ್ಲ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ಬರೀ ಕೆಂಪು ಬಾವುಟ ಇದ್ದರೆ ಇಳಿಯಬೇಡಿ. ದಡಕ್ಕೆ ಬಂದ ನೀರು ಒಂದು ಸಣ್ಣ ದಾರಿ ಮಾಡಿಕೊಂಡು ಜೋರಾಗಿ ವಾಪಸ್ ಒಳಗೆ ಎಳೆಯುವ ಜಾಗ ಇರುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ಹಾಗಾಗಿ ಹೊಸಬರಿಗೆ ಅದೇ ಶಾಂತವಾಗಿ ಕಾಣುತ್ತದೆ, ಹುಡುಗರನ್ನು ಅಲ್ಲೇ ಇಳಿಸುತ್ತೇವೆ. ಸಿಕ್ಕಿಬಿದ್ದರೆ ದಡದ ಕಡೆ ಎದುರೀಜಿ ಸುಸ್ತಾಗಬಾರದು. ದಡಕ್ಕೆ ಸಮವಾಗಿ ಅಡ್ಡಕ್ಕೆ ಈಜಿ ಆ ಎಳೆತದಿಂದ ಹೊರಬಂದು ಆಮೇಲೆ ದಡಕ್ಕೆ ಬರಬೇಕು. ಈಜು ಬರದವರು ಮೊಳಕಾಲಿನಷ್ಟು ನೀರು ದಾಟಲೇಬೇಡಿ.

ಉಬ್ಬರ ಇಳಿತದ ವೇಳೆಯನ್ನೂ ನೋಡಿಕೊಳ್ಳಿ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗೆ ಏರಿಳಿತ ಜಾಸ್ತಿ. ನೀರು ಪೂರ್ತಿ ಏರಿದಾಗ ಸಣ್ಣ ಬೀಚಿನಲ್ಲಿ ಮರಳಿನ ಪಟ್ಟಿ ಕಿರಿದಾಗಿ, ಇದ್ದಷ್ಟೇ ಮಂದಿ ಇಕ್ಕಟ್ಟಾಗಿ ಕೂರುತ್ತಾರೆ. ಇಳಿದಾಗ ನಡೆಯಲು ಗಟ್ಟಿ ಮರಳು ಸಿಗುತ್ತದೆ, ಮೊಳಕಾಲು ನೋವಿನವರಿಗೆ ಅದು ದೊಡ್ಡ ಅನುಕೂಲ. ದೊಡ್ಡ ಅಲೆಯ ಮುನ್ಸೂಚನೆಯನ್ನು ನಮ್ಮ ಪಕ್ಕದ ಹೈದರಾಬಾದಿನಲ್ಲೇ ಇರುವ ಇನ್‌ಕಾಯ್ಸ್ ಸಂಸ್ಥೆ ಕೊಡುತ್ತದೆ. ಹೊರಡುವ ಹಿಂದಿನ ದಿನ ಒಮ್ಮೆ ನೋಡಿದರೆ ಸಾಕು.

ಗೋವಾದಲ್ಲಿ ಓಲಾ ಉಬರ್ ನಡೆಯುವುದಿಲ್ಲ. ಟ್ಯಾಕ್ಸಿಯವರ ಜೊತೆ ಹೋಗುವ ಬರುವ ಎರಡೂ ದರ ಮೊದಲೇ ಮಾತಾಡಿ, ನಂಬರ್ ತಗೊಳ್ಳಿ, ಕರೆದೊಯ್ಯಲು ಬರುವ ಹೊತ್ತು ಹೇಳಿ ಕಳಿಸಿ. ಹಡಗಿನ ಕಾರ್ಡು, ಆಧಾರ್ ಎರಡೂ ಜೇಬಿನಲ್ಲಿರಲಿ.

"ಗೋವಾಕ್ಕ ಹೋಗಿ ಬಾಗಾ ನೋಡ್ಲಿಲ್ಲೇನು?" ಅಂತ ಊರಿಗೆ ಬಂದ ಮೇಲೆ ಕೇಳುವವರು ಇದ್ದೇ ಇರುತ್ತಾರೆ. ನಮಗೂ ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕವರೆಲ್ಲ ಕೇಳಿದರು. ನಾಲ್ಕು ಜನ ಕೇಳುತ್ತಾರೆ ಅಂತಲೇ ನಾವು ಪಟ್ಟಿ ಮಾಡುತ್ತೇವೆ, ಅದು ನನಗೆ ಒಪ್ಪಿಗೆ ಇಲ್ಲ. ವಯಸ್ಸಿನ ಹುಡುಗರಿಗೆ ಹಾಡು, ಗದ್ದಲ, ಮಂದಿ ಬೇಕು ಅನ್ನಿಸಿದರೆ ತಪ್ಪೇನಿಲ್ಲ. ಬಾಗಾದಲ್ಲೇ ಎರಡು ದಿನ ಉಳಿಯುವ ಹಾಗೆ ಬೇರೆಯಾಗಿ ಹೋಗಲಿ. ಅವ್ವ ಅಪ್ಪನ ಎಂಟು ಗಂಟೆಯಲ್ಲಿ ನಾಲ್ಕು ಗಂಟೆಯನ್ನು ಟ್ಯಾಕ್ಸಿಯ ಸೀಟಿಗೆ ಕೊಡುವುದು ನನಗೆ ಅನ್ಯಾಯ ಅನ್ನಿಸುತ್ತದೆ.

ಇವತ್ತು ಬೆಳಿಗ್ಗೆ ಕಾಕಾನ ಮಗ ಹೊಸ ಪಟ್ಟಿ ಕಳಿಸಿದ್ದಾನೆ. ಬೋಗಮಾಲೋ ಅಂತ ಒಂದು ಸಾಲು, "3ಕ್ಕೆ ವಾಪಸ್" ಅಂತ ಇನ್ನೊಂದು ಸಾಲು. ಅದರ ಕೆಳಗೆ, "ಅಕ್ಕಾ, ಅವ್ವಗ ಕುಂದ್ರಲಾಕ ಕುರ್ಚಿ ಸಿಗ್ತಾವೇನು ಅಲ್ಲಿ?" ಅಂತ ಕೇಳಿದ್ದಾನೆ. ಸಿಗುತ್ತದೆ ತಮ್ಮಾ. ಶ್ಯಾಕಿನಲ್ಲಿ ಚಹಾ ಹೇಳಿ ಕೇಳು, ನೀರಿನ ಅಂಚಿಗೇ ತಂದು ಹಾಕುತ್ತಾರೆ. ಕಾಕಿಯ ಸೆರಗಿನಲ್ಲಿ ಅರಿಷಿಣ ಕುಂಕುಮದ ಪುಡಿಕೆ ಇದೆಯಾ ಅಂತ ಮನೆಯಲ್ಲೇ ಕೇಳಿಕೊಂಡು ಹೊರಡು.